ಅಕ್ಕನ ಗುಳಿಗೆಗೆ ನಾನು ಹಾಕದ ಸಹಿ

ಈಚೆಗೆ ಪೇಪರಿನಲ್ಲಿ ಗಾಂಜಾದಿಂದ ಮಾಡುವ ಮದ್ದಿನ ಸುದ್ದಿ ಆಗಾಗ ಬರುತ್ತದೆ. ಯಾವ ದೇಶದಲ್ಲಿ ಅನುಮತಿ ಕೊಟ್ಟರು, ಎಲ್ಲಿ ಪರೀಕ್ಷೆ ನಡೆಯುತ್ತಿದೆ, ಯಾವ ರೋಗಿಗೆ ಎಷ್ಟು ಆರಾಮವಾಯಿತು ಅಂತ. ಮನೆಯಲ್ಲಿ ಯಾರಾದರೂ ಅದನ್ನು ಗಟ್ಟಿಯಾಗಿ ಓದಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಬೀಡಿ ಸೇದಲು ಹೋದ ಅಂದುಕೊಳ್ಳುತ್ತಾರೆ. ನಾನು ಬೀಡಿ ಬಿಟ್ಟು ಎಷ್ಟೋ ವರ್ಷವಾಯಿತು.

ಅಂಥ ಒಂದು ಮದ್ದು ನನ್ನ ಅಕ್ಕನಿಗೆ ಸಿಗುವುದಿತ್ತು. ಬಹ್ರೇನಿನಲ್ಲಿ, ಕುವೈತಿನ ಎಣ್ಣೆ ಬಾವಿಗಳು ಉರಿಯುತ್ತಿದ್ದ ವರ್ಷ. ಅದು ಸಿಗದ ಹಾಗೆ ಮಾಡಿದವನು ನಾನು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕನ್ನಡ ಓದಿ ಬರೆಯಬಲ್ಲೆ, ಇಂಗ್ಲಿಷಿನಲ್ಲಿ ನನ್ನ ಹೆಸರು ಬರೆಯಬಲ್ಲೆ, ಅಷ್ಟೆ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು, ಓದಿದವಳು. ಈಸಾ ಟೌನಿನ ಶಾಲೆಯೊಂದರಲ್ಲಿ ಲೆಕ್ಕ ಕಲಿಸುತ್ತಿದ್ದಳು. ಭಾವನಿಗೆ ಸೌದಿಯಲ್ಲಿ ಕೆಲಸ. ಗುರುವಾರ ಮಧ್ಯಾಹ್ನ ಸೇತುವೆ ದಾಟಿ ಬಂದು ಶುಕ್ರವಾರ ಸಂಜೆ ಹಿಂದೆ ಹೋಗುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಬುಸೈತೀನಿನ ಅವರ ಫ್ಲ್ಯಾಟಿನಲ್ಲಿ ವಾರವಿಡೀ ಇರುತ್ತಿದ್ದವರು ಅಕ್ಕ ಮತ್ತು ನಾನು.

ನನ್ನನ್ನು ಅಲ್ಲಿಗೆ ಕರೆಸಿಕೊಂಡವಳು ಅವಳೇ. ಕಾಗದದ ಪ್ರಕಾರ ನಾನು ಮುಹರ್ರಕ್‌ನ ಒಬ್ಬ ಅರಬಿಯ ಬಟ್ಟೆ ಅಂಗಡಿಯ ಆಳು. ಆ ಅರಬಿಯೇ ನನ್ನ ಕಫೀಲ, ಅಂದರೆ ನನ್ನ ವೀಸಾಕ್ಕೆ ಜವಾಬ್ದಾರ. ಅವನನ್ನು ನಾನು ನೋಡಿದ್ದು ಎರಡೇ ಸಲ. ನಿಜವಾಗಿ ದುಡಿಯುತ್ತಿದ್ದುದು ಮೀನಾ ಸಲ್ಮಾನ್ ಬಂದರಿನ ಹತ್ತಿರ, ದೋಣಿಗಳ ಪಂಪು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ. ಇದಕ್ಕೆ ನಮ್ಮವರು ಫ್ರೀ ವೀಸಾ ಅನ್ನುತ್ತಿದ್ದರು. ಬಹಳ ಮಂದಿ ಹಾಗೆಯೇ ಇದ್ದರು. ಸಿಕ್ಕಿಬಿದ್ದರೆ ಮಾತ್ರ ಮೊದಲು ಜೈಲು, ಆಮೇಲೆ ವಿಮಾನ, ಮತ್ತೆ ಆ ಊರಿನ ಬಾಗಿಲು ಮುಚ್ಚಿದಂತೆ.

ಆ ವರ್ಷ ಅಕ್ಕನಿಗೆ ಅಂಡಾಶಯದಲ್ಲಿ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಷನ್ ಮಾಡಿದರು. ಆಮೇಲೆ ಮೂರು ವಾರಕ್ಕೊಂದರಂತೆ ಆರು ಸಲ ಡ್ರಿಪ್ಪಿನಲ್ಲಿ ಮದ್ದು ಹೋಗಬೇಕು ಅಂದರು. ಆರೂ ಮುಗಿಸಿದರೆ ಬದುಕುವ ಸಾಧ್ಯತೆ ಚೆನ್ನಾಗಿದೆ, ನಡುವೆ ಬಿಟ್ಟರೆ ಹೇಳಲಾಗದು ಅಂತ ಡಾಕ್ಟರು ಭಾವನ ಎದುರಿಗೇ ಹೇಳಿದ್ದರು. ಮೊದಲನೆಯ ಡ್ರಿಪ್ಪಿನ ನಂತರ ಅಕ್ಕ ಐದು ದಿನ ವಾಂತಿ ಮಾಡಿದಳು. ಹೊಟ್ಟೆಯಲ್ಲಿ ಏನೂ ಇಲ್ಲದಾಗಲೂ ಮಾಡಿದಳು. ನೀರಿನ ಲೋಟ ಕಂಡರೂ ಮುಖ ತಿರುಗಿಸುತ್ತಿದ್ದಳು. ವಾಂತಿ ನಿಲ್ಲಿಸುವ ಸೂಜಿ ಕೊಟ್ಟರು, ಅದರಿಂದ ಕುತ್ತಿಗೆ ಒಂದು ಕಡೆಗೆ ಸೆಟೆದುಕೊಂಡಿತೇ ಹೊರತು ವಾಂತಿ ನಿಲ್ಲಲಿಲ್ಲ.

ಹೊರಗೆ ಹಗಲು ಹಗಲಾಗಿ ಇರಲಿಲ್ಲ. ಗಾಳಿ ಬಡಗಣದಿಂದ ಬೀಸಿದ ದಿನ ಕುವೈತಿನ ಹೊಗೆ ಸಮುದ್ರದ ಮೇಲಿಂದ ಬರುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಬಿಸಿಲು, ಹನ್ನೊಂದಕ್ಕೆ ಕಪ್ಪು. ಬೀದಿಯ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ಮಧ್ಯಾಹ್ನದ ಬಾಂಗಿನ ಹೊತ್ತಿಗೆ ಪಾರಿವಾಳಗಳು ಮಸೀದಿಯ ಗೋಡೆಯ ಮೇಲೆ ಸಾಲಾಗಿ ಕೂತು ಕತ್ತು ಮಡಚಿ ಮಲಗಿಬಿಡುತ್ತಿದ್ದವು. ಒಗೆದು ಹಾಕಿದ ಬಟ್ಟೆಯ ಮೇಲೆ ಮಸಿಯ ಚುಕ್ಕೆ. ಬೆರಳಲ್ಲಿ ಒರೆಸಿದರೆ ಎಣ್ಣೆಯ ಹಾಗೆ ಜಾರುತ್ತಿತ್ತು. ನಾನು ಕಿಟಕಿಗಳ ಸಂದಿಗೆಲ್ಲ ಟೇಪು ಹಚ್ಚಿದ್ದೆ. ಆದರೂ ಹೊಗೆ ಬರುವುದು ಅಕ್ಕನಿಗೆ ನನಗಿಂತ ಮೊದಲು ತಿಳಿಯುತ್ತಿತ್ತು. ಕಣ್ಣು ಮುಚ್ಚಿಕೊಂಡೇ, "ಮಾಣಿ, ಲೈಟ್ ಹಾಕು, ಈಗ ಕತ್ಲೆ ಆತ್ತು" ಅನ್ನುವಳು. ನಾನು ಕಿಟಕಿ ನೋಡಿದರೆ ಬಿಸಿಲು ಇರುತ್ತಿತ್ತು. ಕಾಲು ಗಂಟೆಯಲ್ಲಿ ಕತ್ತಲಾಗುತ್ತಿತ್ತು.

ಅಡುಗೆಯ ವಾಸನೆ ಅವಳಿಗೆ ಆಗದ್ದರಿಂದ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ನಾನು ವರ್ಕ್‌ಶಾಪಿನಲ್ಲಿಯೇ ಉಂಡು, ಬಾಯಿ ತೊಳೆದು, ಅಂಗಿ ಬದಲಿಸಿ ಬರುತ್ತಿದ್ದೆ. ಒಂದು ಮಧ್ಯಾಹ್ನ ಬಾಗಿಲು ತೆಗೆದು ಒಳಗೆ ಬಂದರೆ ಅಕ್ಕ ಹಾಸಿಗೆಯಲ್ಲಿ ಎದ್ದು ಕೂತಿದ್ದಳು.

"ಯಾರು ಬಂದದ್ದು?" ಅಂದಳು.

"ನಾನೇ ಅಲ್ದಾ."

"ನೀನಲ್ಲ. ಅಡುಗೆ ಕೋಣೆಲಿ ಕೂತು ಉಣ್ತಿದ್ರಲ್ಲ, ಅವ್ರು."

"ಯಾರೂ ಇಲ್ಲ ಅಕ್ಕ."

"ಗಂಜಿ ಉಣ್ತಿದ್ರು ಮಾರಾಯ. ಸುರ್ ಅಂತ ಸದ್ದು ಕೇಂತಿತ್ತು. ನಡುನಡುವೆ ಉಪ್ಪಿನಕಾಯಿ ಚೀಪೂದು. ಎಷ್ಟು ಹೊತ್ತು ಉಂಡ್ರು ಅಂತಿ!"

ನಾನು ಹೋಗಿ ನೋಡಿ ಬಂದೆ. ತೊಳೆದಿಟ್ಟ ಬಟ್ಟಲುಗಳು ಕವುಚಿದ ಹಾಗೆಯೇ ಇದ್ದವು. ಆಮೇಲೆ ಅವಳು ಇದನ್ನು ಬಹಳ ಸಲ ಹೇಳಿದಳು. ಹೆದರಿ ಹೇಳಿದ್ದಲ್ಲ, ಪಕ್ಕದ ಮನೆಯವರ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದಳು. "ಇವತ್ತು ಬೇಗ ಉಂಡು ಹೋದ್ರು" ಅಂತ.

ಎರಡನೆಯ ಡ್ರಿಪ್ಪಿನ ನಂತರ ಅವಳ ತೂಕ ನೋಡಿ ಡಾಕ್ಟರು ಒಂದು ಮಾತು ಎತ್ತಿದರು. ಅವರು ಇಂಗ್ಲೆಂಡಿನಲ್ಲಿ ಕಲಿತವರು. ಅವರು ಹೇಳಿದ್ದನ್ನು ನನಗೆ ಬಿಡಿಸಿ ಹೇಳಿದವರು ನಮ್ಮ ಮಂಗಳೂರಿನ ಕಡೆಯ ಒಬ್ಬರು ನರ್ಸ್. ಗಾಂಜಾ ಗಿಡದಲ್ಲಿ ಯಾವುದೋ ಒಂದು ಗುಣ ಇದೆ, ಅದು ವಾಂತಿಯನ್ನು ತಡೆಯುತ್ತದೆ, ಹಸಿವನ್ನು ತರುತ್ತದೆ. ಅದೇ ಗುಣವನ್ನು ಕಾರ್ಖಾನೆಯಲ್ಲಿ ತಯಾರಿಸಿ ಗುಳಿಗೆ ಮಾಡಿದ್ದಾರೆ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಡ್ರಿಪ್ಪಿನ ರೋಗಿಗಳಿಗೆ ಕೊಟ್ಟು ನೋಡಿದ್ದಾರೆ. ಇಲ್ಲಿ ಅಂಗಡಿಯಲ್ಲಿ ಸಿಗುವುದಿಲ್ಲ. ಆದರೆ ಒಬ್ಬೊಬ್ಬ ರೋಗಿಯ ಹೆಸರಿನಲ್ಲಿ ಸರ್ಕಾರದ ವಿಶೇಷ ಒಪ್ಪಿಗೆ ಪಡೆದು ತರಿಸಬಹುದು.

"ತಗೊಂಡವರಿಗೆ ಎಂತ ಆಯ್ತಂತೆ ಸಿಸ್ಟರ್?" ಅಂತ ಅಕ್ಕ ಮಲಗಿದಲ್ಲಿಂದಲೇ ಕೇಳಿದಳು.

"ಒಬ್ಬಳು ಅದೇ ದಿನ ಎರಡು ತುಂಡು ಬ್ರೆಡ್ ತಿಂದಳಂತೆ ಟೀಚರ್. ಒಬ್ಬ ಗೋಡೆ ನೋಡಿ ನಗಾಡ್ತಾ ಕೂತನಂತೆ. ಒಬ್ಬರಿಗೆ ಹೆದರಿಕೆ ಆಗಿ ನಿಲ್ಲಿಸಬೇಕಾಯ್ತಂತೆ. ಎಲ್ಲರಿಗೆ ಒಂದೇ ತರ ಅಲ್ಲ."

"ಗೋಡೆ ನೋಡಿ ನಗೂದಾದ್ರೆ ನಗ್ತೆ. ನಮ್ಮಜ್ಜಿ ದನದ ಹೊಟ್ಟೆ ಉಬ್ಬಿದ್ರೆ ಭಂಗಿ ಸೊಪ್ಪು ಅರೆದು ಕೊಡ್ತಿದ್ರು. ದನ ಅಂತೂ ನಗ್ತಿರ್ಲಿಲ್ಲ." ಆ ತಿಂಗಳಲ್ಲಿ ಅವಳು ನಕ್ಕದ್ದು ಅದೊಂದೇ ಸಲ. ಆಮೇಲೆ ಮೆಲ್ಲಗೆ ಅಂದಳು: "ಒಂದು ಬಟ್ಟಲು ಗಂಜಿ ಹೊಟ್ಟೇಲಿ ನಿಂತ್ರೆ ನಾನು ಆರೂ ಮುಗಿಸ್ತೆ, ಸಿಸ್ಟರ್. ಬರೆದುಕೊಳ್ಳಿ ಬೇಕಾದ್ರೆ."

ನರ್ಸ್ ನನ್ನ ಕೈಗೆ ಮೂರು ಹಾಳೆಯ ಫಾರಂ ಕೊಟ್ಟರು. ಮೊದಲ ಎರಡು ಹಾಳೆ ಡಾಕ್ಟರು ತುಂಬಿಸಿದ್ದರು. ಮೂರನೆಯದು ರೋಗಿಯ ಹತ್ತಿರದ ಸಂಬಂಧಿಯದು. ಬಹ್ರೇನಿನಲ್ಲೇ ವಾಸ ಇರುವವರಾಗಬೇಕು, ಗುಳಿಗೆಯನ್ನು ಪ್ರತಿ ಸಲ ಆಸ್ಪತ್ರೆಯ ಬೀರುವಿನಿಂದ ತಾವೇ ಸಹಿ ಮಾಡಿ ಪಡೆಯಬೇಕು. ಭಾವನ ವಾಸ ಸೌದಿಯಲ್ಲಿ, ಅವರ ಸಹಿ ನಡೆಯದು. "ಶನಿವಾರ ತಂದುಕೊಡಿ ಅಣ್ಣ, ಮೂರನೇ ಡ್ರಿಪ್ಪಿಗೆ ಮೊದಲು ತರಿಸುವ" ಅಂದರು.

ಅದರಲ್ಲಿ ಏನು ಬರೆದಿದೆ ಅಂತ ಅಕ್ಕನನ್ನೇ ಕೇಳಬಹುದಿತ್ತು. ಅವಳು ನಿದ್ದೆ ಹೋಗಿದ್ದಳು. ಮರುದಿನ ವರ್ಕ್‌ಶಾಪಿಗೆ ಒಯ್ದು ನಮ್ಮ ಫೋರ್‌ಮನ್ನಿಗೆ ತೋರಿಸಿದೆ. ಅವರು ಉಳ್ಳಾಲದ ಕಡೆಯ ಬ್ಯಾರಿ, ಇಂಗ್ಲಿಷ್, ಅರಬಿ ಎರಡೂ ಓದಬಲ್ಲವರು. ಹೊಗೆಯಿಂದಾಗಿ ಒಳಗೆ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಅವರು ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು.

"ಇದು ಎಲ್ಲಿಂದ ತಂದೆ ಮಾರಾಯ?"

"ಅಕ್ಕನ ಮದ್ದಿನ ಕಾಗದ."

"ಮದ್ದು ಹೌದು. ಆದ್ರೆ ಮೇಲೆ ಸೀಲು ಯಾರದ್ದು ಗೊತ್ತುಂಟಾ? ಅಮಲು ಪದಾರ್ಥ ಹಿಡಿಯುವವರದ್ದು. ಇಲ್ಲಿ ನಿನ್ನ ಗುರುತಿನ ಚೀಟಿಯ ಸಿಪಿಆರ್ ನಂಬರ್. ಇಲ್ಲಿ ಕೆಲಸದ ಜಾಗ. ಇಲ್ಲಿ ಕಫೀಲನ ಸಹಿ, ಅಂಗಡಿಯ ಸೀಲು."

"ನನ್ನ ಕಫೀಲ..."

"ಅದೇ ನಾನು ಹೇಳೂದು. ಗಾಂಜಾ ಅಂತ ಬರೆದ ಕಾಗದ ಹಿಡ್ಕೊಂಡು ಆ ಅರಬಿಯ ಮನೆಗೆ ಹೋಗ್ತೀಯಾ? ಈ ಸೀಲಿನವರು ಒಂದು ಫೋನ್ ಮಾಡಿ ನಿನ್ನ ಆಳು ಎಲ್ಲಿ ಕೆಲಸ ಮಾಡೂದು ಅಂತ ಕೇಳಿದ್ರೆ?" ಕಾಗದ ಮಡಚಿ ನನ್ನ ಕಿಸೆಗೆ ತುರುಕಿದರು. ಆಮೇಲೆ, "ನಿನ್ನಕ್ಕನ ಹತ್ರ ಹೇಳು. ಕಲಿತವರು, ದಾರಿ ಹುಡುಕ್ತಾರೆ" ಅಂದರು.

ಆ ಕೊನೆಯ ಮಾತನ್ನು ನಾನು ಕೇಳಿದ್ದೆ. ಕೇಳಲಿಲ್ಲ ಅಂತ ಹೇಳಲಾರೆ. ಅಕ್ಕನಿಗೆ ಹೇಳಿದ್ದರೆ ಶಾಲೆಯ ಯಾರನ್ನಾದರೂ ಹಿಡಿದು ನನ್ನ ಕಾಗದ ಸರಿ ಮಾಡಿಸುತ್ತಿದ್ದಳೋ, ಸಂಬಂಧಿಯ ಬದಲು ಬೇರೆಯವರ ಸಹಿ ನಡೆಯುತ್ತದೆಯೇ ಅಂತ ವಿಚಾರಿಸುತ್ತಿದ್ದಳೋ. ಇಲ್ಲ, ಆಗುವುದಾದರೆ ಆಗಲಿ, ಹೋಗಿ ಸಹಿ ಮಾಡು ಅನ್ನುತ್ತಿದ್ದಳೋ. ಅದೊಂದು ಮಾತು ಅವಳ ಬಾಯಿಂದ ಬಂದರೆ ಅಂತ ನನಗೆ ಹೆದರಿಕೆ.

ಶನಿವಾರ ಆಸ್ಪತ್ರೆಗೆ ಹೋಗಿ ನರ್ಸಿಗೆ ಹೇಳಿದೆ: "ಭಾವನಿಗೆ ಮನಸ್ಸಿಲ್ಲ ಸಿಸ್ಟರ್. ಗಾಂಜಾ ಅಂದ ಕೂಡಲೇ ಬೇಡ ಅಂದ್ರು. ಅಕ್ಕನ ಎದುರು ಈ ಮಾತು ಎತ್ತಬೇಡಿ, ನೊಂದ್ಕೊಳ್ತಾಳೆ."

ಅವರು ಫಾರಂ ಹಿಂದೆ ತೆಗೆದುಕೊಂಡರು. ಆಮೇಲೆ, "ಆಯ್ತು ಅಣ್ಣ. ಡಾಕ್ಟರಿಗೂ ಹೇಳ್ತೇನೆ" ಅಂದರು. ಅವರು ಹಾಗೆ ಒಪ್ಪುತ್ತಾರೆ ಅಂತ ನನಗೆ ಗೊತ್ತಿತ್ತು. ನಮ್ಮ ಕಡೆ ರೋಗದ ಮಾತನ್ನು ಮನೆಯವರು ತೀರ್ಮಾನ ಮಾಡುತ್ತಾರೆ. ರೋಗಿಗೆ ತಿಳಿಸಬೇಡಿ ಅಂದರೆ ನರ್ಸುಗಳು, ನೆಂಟರು ಎಲ್ಲರೂ ಅದನ್ನು ದೊಡ್ಡ ಉಪಕಾರ ಅಂದುಕೊಂಡು ಬಾಯಿ ಮುಚ್ಚಿಕೊಳ್ಳುತ್ತಾರೆ. ಎಷ್ಟೋ ಮನೆಗಳಲ್ಲಿ ಪ್ರೀತಿಯಿಂದ ನಡೆಯುವ ಆ ಪದ್ಧತಿಯ ಹಿಂದೆ ನಾನು ಅಡಗಿಕೊಂಡೆ.

ಮನೆಗೆ ಬಂದು ಅಕ್ಕನಿಗೆ, "ಸರ್ಕಾರ ಒಪ್ಲಿಲ್ಲಂತೆ" ಅಂದೆ.

ಅವಳು ಚಾವಣಿ ನೋಡುತ್ತ ಮಲಗಿದ್ದಳು. ಭಾವ ಗುರುವಾರ ಬಂದಾಗ ಅವರಿಗೂ ಅದನ್ನೇ ಹೇಳಿದಳು, ಅವರು ತಲೆ ಆಡಿಸಿದರು. ಅಷ್ಟು ಸುಲಭವಾಗಿ ಮುಗಿಯಿತು ಅಂತ ನಾನು ತಿಳಿದಿದ್ದೆ. ಭಾನುವಾರ ಅವಳು ನನ್ನಿಂದ ದಿಂಬು ಒರಗಿಸಿಕೊಂಡು, ಶಾಲೆಯ ನೋಟುಪುಸ್ತಕದ ಹಾಳೆ ಹರಿದು ಬರೆಯಲು ಕೂತಳು. ನಾಲ್ಕು ಸಾಲು ಬರೆದು ಬಕೆಟ್ಟಿನ ಕಡೆಗೆ ಬಾಗುವುದು, ಬಾಯಿ ಒರೆಸಿಕೊಂಡು ಮತ್ತೆ ಬರೆಯುವುದು. ಒಂದು ಪುಟಕ್ಕೆ ಇಡೀ ಬೆಳಿಗ್ಗೆ ಹಿಡಿಯಿತು.

"ಒಪ್ಲಿಲ್ಲ ಅಂದವರಿಗೆ ಕೊಡು" ಅಂದಳು. "ಮತ್ತೊಂದ್ಸಲ ಯೋಚನೆ ಮಾಡಿ ಅಂತ ಬರ್ದಿದ್ದೆ. ಮಕ್ಕಳು ತಪ್ಪು ಲೆಕ್ಕ ಮಾಡಿದ್ರೆ ನಾನೂ ಮತ್ತೊಂದು ಚಾನ್ಸ್ ಕೊಡೂದಿಲ್ಯಾ?"

ಇಲ್ಲದ ನಿರಾಕರಣೆಗೆ ಅವಳು ಬರೆದ ಮನವಿ ನನ್ನ ಕೈಯಲ್ಲಿತ್ತು. ಎಲ್ಲಿಗೂ ಹೋಗದೆ ಹಿಂದೆ ಬಂದಿದ್ದರೂ ಆಗುತ್ತಿತ್ತು. ಯಾಕೋ ಹೋದೆ. ಮನಾಮದಲ್ಲಿ ಇಂಥ ಮದ್ದಿಗೆ ಒಪ್ಪಿಗೆ ಕೊಡುವ ಸರ್ಕಾರದ ದೊಡ್ಡ ಆಫೀಸಿನಲ್ಲಿ ನಂಬರಿನ ಚೀಟಿ ತೆಗೆದುಕೊಂಡು ಸಾಲುಕುರ್ಚಿಯಲ್ಲಿ ಕೂತೆ. ಹತ್ತಿಪ್ಪತ್ತು ಜನ ಕಾಗದ ಹಿಡಿದು ಕೂತಿದ್ದರು. ಮಾತಿಲ್ಲ. ಕಿಟಕಿಯ ಹೊರಗೆ ನೋಡುತ್ತಿದ್ದಂತೆ ಕಪ್ಪಾಯಿತು, ಕಾರುಗಳು ದೀಪ ಹಚ್ಚಿಕೊಂಡು ಸದ್ದಿಲ್ಲದೆ ಹೋಗುತ್ತಿದ್ದವು. ಗಾಜಿನ ಹಿಂದಿನವನು ನನ್ನ ನಂಬರನ್ನು ಅರಬಿಯಲ್ಲಿ ಕೂಗಿದ. ನಾನು ಏಳಲಿಲ್ಲ. ಮತ್ತೆ ಕೂಗಿದ. ಕೂತವರೆಲ್ಲ ಆ ನಂಬರಿನವನು ಯಾರು ಅಂತ ತಲೆ ತಿರುಗಿಸಿ ಹುಡುಕಿದರು. ಮೂರನೆಯ ಸಲ ಕೂಗಿದಾಗ ನಾನೂ ತಿರುಗಿ ಹಿಂದಿನ ಸಾಲಿನಲ್ಲಿ ಹುಡುಕಿದೆ. ಅಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಎಲ್ಲರೂ ಆ ಕುರ್ಚಿಯನ್ನು ನೋಡಿದರು. ಅವನು ಮುಂದಿನ ನಂಬರು ಕೂಗಿದ.

ಮನೆಗೆ ಬಂದು, "ಕೊಟ್ಟೆ" ಅಂದೆ.

ಆಮೇಲೆ ಪ್ರತಿ ಮಧ್ಯಾಹ್ನ ನಾನು ಬಾಗಿಲು ತೆಗೆದರೆ ಮೊದಲ ಮಾತು, "ಉತ್ತರ ಬಂತಾ?" ನಾನು ಇನ್ನೂ ಇಲ್ಲ ಅನ್ನುತ್ತಿದ್ದೆ. "ಸರ್ಕಾರದ್ದಲ್ದಾ, ನಿಧಾನ" ಅಂತ ಅವಳೇ ನನಗೆ ಸಮಾಧಾನ ಹೇಳುತ್ತಿದ್ದಳು. ಕೆಲವು ದಿನಗಳ ಮೇಲೆ ಆ ಪ್ರಶ್ನೆ ನನಗೆ ಮೆಟ್ಟಿಲಿನಲ್ಲಿಯೇ ಕೇಳತೊಡಗಿತು, ಕೀಲಿಕೈ ಕಿಸೆಯಲ್ಲಿ ಇರುವಾಗಲೇ. ಅಡುಗೆ ಕೋಣೆಯ ಸದ್ದೂ ಒಂದು ಸಲ ನನಗೆ ಕೇಳಿತು. ಅಕ್ಕ ನಿದ್ದೆಯಲ್ಲಿದ್ದಳು. ಯಾರೋ ಅವಸರವಿಲ್ಲದೆ ಗಂಜಿ ಸುರಿದುಕೊಂಡು ಉಣ್ಣುತ್ತಿದ್ದ ಸದ್ದು, ಬಟ್ಟಲಿನ ತಳಕ್ಕೆ ಬೆರಳು ತಾಗುವ ಸದ್ದು. ನಾನು ಎದ್ದು ಹೋಗಿ ನೋಡಲಿಲ್ಲ. ಹೊಟ್ಟೆ ತುಂಬ ಉಣ್ಣುವ ಅಕ್ಕ ಅಲ್ಲಿ ಕೂತಿರಬಹುದು ಅನ್ನಿಸಿತು. ಆರೂ ಡ್ರಿಪ್ಪು ಮುಗಿಸಿದ ಅಕ್ಕ.

ಮೂರನೆಯ ಡ್ರಿಪ್ಪಿನ ನಂತರ ಅವಳಿಗೆ ಎದ್ದು ನಿಲ್ಲಲು ಆಗಲಿಲ್ಲ. ನಾಲ್ಕನೆಯದಕ್ಕೆ ಆಸ್ಪತ್ರೆಗೆ ಕರೆದೊಯ್ದ ದಿನ ಭಾವ ಇರಲಿಲ್ಲ, ವಾರದ ನಡುವಿನ ದಿನ. ಸೂಜಿ ಚುಚ್ಚಲು ನರ್ಸ್ ಕೈ ಹಿಡಿದಾಗ ಅಕ್ಕ ಕೈ ಎಳೆದುಕೊಂಡಳು. "ಸಾಕು" ಅಂದಳು. ನರ್ಸ್ ಡಾಕ್ಟರನ್ನು ಕರೆದರು.

ಡಾಕ್ಟರು ಕುರ್ಚಿ ಎಳೆದು ಕೂತು ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ಅವರ ಮಾತಿನ ನಡುವೆ ಆ ಗುಳಿಗೆಯ ಹೆಸರು ಬಂತು. ಅದೊಂದು ನನಗೆ ಅರ್ಥವಾಯಿತು. ಅಕ್ಕ ಏನೋ ಕೇಳಿದಳು. ಅವರು ನರ್ಸಿನ ಕಡೆ ನೋಡಿದರು, ನರ್ಸ್ ನನ್ನ ಕಡೆ ನೋಡಿದರು. ಡಾಕ್ಟರು ಮತ್ತೆ ಏನೋ ಹೇಳಿದರು. ಅಕ್ಕ ತಲೆಯನ್ನು ದಿಂಬಿನ ಮೇಲೆ ನಿಧಾನವಾಗಿ ನನ್ನ ಕಡೆಗೆ ಹೊರಳಿಸಿದಳು.

"ಸರ್ಕಾರ ಬೇಡ ಅಂದದ್ದಲ್ಲಂಬ್ರು" ಅಂದಳು.

ನಾನು ಅವಳ ಹೊದಿಕೆ ಸರಿ ಮಾಡತೊಡಗಿದೆ.

"ಭಾವ ಬೇಡ ಅಂದ್ರಂಬ್ರು. ಅವ್ರಿಗೆ ಗೊತ್ತೇ ಇಲ್ಲ ಅಲ್ದಾ?"

ಅವಳು ಯೋಚನೆ ಮಾಡುತ್ತಿದ್ದಳು. ಮಗ್ಗಿ ತಪ್ಪಿದ ಮಕ್ಕಳ ಪುಸ್ತಕ ನೋಡುವಾಗ ಅವಳ ಹುಬ್ಬು ಹೀಗೆಯೇ ಕೂಡುತ್ತಿತ್ತು. ಎಲ್ಲಿ ತಪ್ಪಿದ ಅಂತ ಹುಡುಕುವುದು. ಹುಡುಕಿದಳು, ಸಿಕ್ಕಿತು.

"ಕಫೀಲನ ಸಹಿ ಬೇಕಿತ್ತಾ?"

ಹೌದು ಅಂತ ತಲೆ ಆಡಿಸಿದೆ. ಆ ವೀಸಾ ಮಾಡಿಸಿದವಳು ಅವಳೇ, ಬೇರೆ ಏನೂ ವಿವರಿಸಬೇಕಾಗಿರಲಿಲ್ಲ. ಅವಳು ಬಯ್ಯಲಿಲ್ಲ. ಅಳಲಿಲ್ಲ. ಡಾಕ್ಟರು ಎದ್ದು ಹೋಗದೆ ಕಾಯುತ್ತಿದ್ದರು. ನರ್ಸ್, "ಟೀಚರ್, ಈಗಲೂ ತರಿಸಬಹುದು. ಫಾರಂ ಇನ್ನೊಂದುಂಟು" ಅಂದರು.

ಅಕ್ಕ ನನ್ನನ್ನು ಕೇಳಿದಳು: "ಮಾಣಿ, ಈಗ ಸಹಿ ಹಾಕ್ತ್ಯಾ?"

ಮೊದಲನೆಯ ಸಲ ಮಾಡಿದ್ದಕ್ಕೆ ಹೆದರಿಕೆ ಅಂತ ಹೇಳಬಹುದು, ಕಾಗದ ಓದಲು ಬಾರದವನು ಅಂತ ಹೇಳಬಹುದು. ಈ ಸಲ ಏನೂ ಹೇಳುವಂತಿಲ್ಲ. ಎಲ್ಲ ಗೊತ್ತಿತ್ತು, ಅವಳ ಮಣಿಕಟ್ಟು ನನ್ನ ಎರಡು ಬೆರಳಿನಷ್ಟು ಆಗಿದ್ದು ಕಣ್ಣೆದುರಿಗೇ ಇತ್ತು. ಹಾಕುತ್ತೇನೆ ಅನ್ನುವ ಮಾತು ಬಾಯಿಯೊಳಗೇ ಇತ್ತು. ನಾನು ಅದನ್ನು ಆಡುವ ಮೊದಲು ಜೈಲಿನ ಬಾಗಿಲು, ವಿಮಾನ, ಊರಿನಲ್ಲಿ ಬರಿಗೈಯಲ್ಲಿ ಇಳಿಯುವುದು, ಎಲ್ಲವನ್ನೂ ಒಂದೊಂದಾಗಿ ನೋಡಿದೆ. ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಅವಳು ಅಷ್ಟು ಹೊತ್ತೂ ಕಾದಳು.

"ಬೇಡ ಬಿಡು" ಅಂದಳು.

ಡಾಕ್ಟರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಎರಡು ಸಾಲು ಹೇಳಿದಳು. ಅವರು ತಲೆ ತಗ್ಗಿಸಿ ಕೇಳಿ, ಎದ್ದು, ಹೋಗುವಾಗ ನನ್ನ ಭುಜ ತಟ್ಟಿದರು. ಅವಳು ಏನು ಹೇಳಿದಳು ಅಂತ ಆಮೇಲೆ ನರ್ಸಿನಲ್ಲಿ ಕೇಳಿದೆ. "ನನಗೇ ಈ ಗುಳಿಗೆ ಬೇಡ, ತಮ್ಮನದ್ದು ಏನೂ ಇಲ್ಲ ಅಂದ್ರು" ಅಂತ ಹೇಳಿ ಅವರು ಬೇರೆ ಹಾಸಿಗೆಯ ಕಡೆ ಹೋದರು. ಭಾವನಿಗೂ ಅವಳು ಹಾಗೆಯೇ ಹೇಳಿದಳು. ನಾಲ್ಕನೆಯ ಡ್ರಿಪ್ಪು ಹೋಗಲಿಲ್ಲ. ತಿಂಗಳಲ್ಲಿ ಭಾವ ಅವಳನ್ನು ಊರಿಗೆ ಕರೆದುಕೊಂಡು ಹೋದರು. ಆ ವರ್ಷ ಮುಗಿಯುವ ಮೊದಲು ಅವಳು ತೀರಿಹೋದಳು. ನಾನು ಅದೇ ವೀಸಾದಲ್ಲಿ ಇನ್ನೂ ಆರು ವರ್ಷ ಬಹ್ರೇನಿನಲ್ಲಿದ್ದೆ. ನನ್ನನ್ನು ಯಾರೂ ಹಿಡಿಯಲಿಲ್ಲ.

ಆದರೆ ನಾನು ಒಪ್ಪಿಕೊಳ್ಳಬೇಕಾದದ್ದು ಸುಳ್ಳನ್ನಲ್ಲ. ಅವಳು ಬೇಡ ಬಿಡು ಅಂದ ಕ್ಷಣ ನನಗೆ ದುಃಖವಾಗಲಿಲ್ಲ. ಬಚಾವಾದೆ ಅನ್ನಿಸಿತು. ತಲೆಯ ಮೇಲಿನ ಮೂಟೆಯನ್ನು ಇನ್ನೊಬ್ಬರು ಇಳಿಸಿಕೊಂಡಾಗ ಕುತ್ತಿಗೆಗೆ ಹೇಗಾಗುತ್ತದೋ ಹಾಗೆ. ಅದು ನನ್ನ ಮುಖದಲ್ಲಿ ಬಂದಿರಬೇಕು, ಅವಳು ಅದನ್ನು ಕಂಡಿರಬೇಕು. ಯಾಕೆಂದರೆ ಆ ಹೊತ್ತಿನಿಂದ ವಿಮಾನ ಹತ್ತುವ ತನಕ ಅಕ್ಕ ನನ್ನನ್ನು ನೋಡಿ ಮಾತಾಡಲಿಲ್ಲ. ಮಾತು ಬಿಟ್ಟಳು ಅಂತಲ್ಲ. ಮೊದಲಿಗಿಂತ ಪ್ರೀತಿಯಿಂದ ಮಾತಾಡುತ್ತಿದ್ದಳು, ಉಂಡ್ಯಾ, ಮಲಗಿದ್ಯಾ ಅಂತ ಕೇಳುತ್ತಿದ್ದಳು. ಕೇಳುವಾಗ ನನ್ನ ಎಡಗಡೆ ಒಂದು ಮಾರು ದೂರದ ಜಾಗವನ್ನು ನೋಡುತ್ತಿದ್ದಳು, ನನ್ನ ಮುಖದ ಎತ್ತರಕ್ಕೆ ಸರಿಯಾಗಿ. "ಮಾಣಿ" ಅಂತ ಅಲ್ಲಿಗೆ ಹೇಳುತ್ತಿದ್ದಳು. ಒಂದು ದಿನ ತಾಳಲಾರದೆ ನಾನು ಮೆಲ್ಲಗೆ ಸರಿದು ಆ ಜಾಗದಲ್ಲಿ ಹೋಗಿ ನಿಂತೆ. ಅವಳ ಕಣ್ಣು ಅಷ್ಟೇ ಮೆಲ್ಲಗೆ ಇನ್ನೊಂದು ಮಾರು ಆಚೆಗೆ ಸರಿಯಿತು.